ಧನುರ್ಮಾಸಕ್ಕೆ ಬರುತ್ತಿದ್ದವರು

ನಂಜನಗೂಡಿನ ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದ ಇಬ್ಬರು ಈಚೆಗೆ ಮನೆಗೆ ಬಂದಿದ್ದರು. ಡಿಸೆಂಬರಿನಲ್ಲಿ ಹೊರದೇಶಗಳಿಂದ ಬರುವ ಸ್ವಯಂಸೇವಕರನ್ನು ಇನ್ನು ಮುಂದೆ ಅವರೇ ನೋಡಿಕೊಳ್ಳಬೇಕಂತೆ. "ಏನು ಮಾಡಬೇಕು, ಏನು ಮಾಡಬಾರದು ಅಂತ ಒಂದಿಷ್ಟು ಬರೆದುಕೊಡಿ ಸಾರ್" ಎಂದರು. ಒಪ್ಪಿಕೊಂಡೆ. ಬರೆಯಲು ಕೂತಾಗ ಕೈ ಓಡಲಿಲ್ಲ. ಏನು ಮಾಡಬೇಕು ಎನ್ನುವುದು ಕೆಲಸದಲ್ಲಿದ್ದಾಗಲೇ ನನಗೆ ಅಷ್ಟು ಸ್ಪಷ್ಟವಿರಲಿಲ್ಲ. ಏನಾಯಿತು ಎನ್ನುವುದನ್ನು ಹೇಳಬಲ್ಲೆ. ಅದೂ ನನ್ನ ನೆನಪನ್ನು ನಂಬುವುದಾದರೆ.

ನಂಬುವುದು ಕಷ್ಟ. ಮೈಸೂರಿನಲ್ಲಿ ಸಮಾಜಕಾರ್ಯ ಓದುವಾಗ ನಮ್ಮ ಮೇಷ್ಟ್ರೊಬ್ಬರು, ಹಳ್ಳಿಯಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ತನಕ ಬರೆದುಕೊಳ್ಳಬೇಡಿ ಎನ್ನುತ್ತಿದ್ದರು. ಆ ಅನುಮಾನದ ಅಭ್ಯಾಸ ಅಂಟಿಕೊಂಡಿತು, ಬಿಡಲಿಲ್ಲ. ಈಗ ವಯಸ್ಸಾದ ಮೇಲೆ ಅದು ನನ್ನ ಮೇಲೇ ತಿರುಗಿದೆ. ಹೆಂಡತಿ, "ನಿಮಗೆ ಕೂತಲ್ಲಿ ಕೂರೋಕೆ ಬರಲ್ಲ, ನಂಬಿದ್ದನ್ನ ನಂಬೋಕೂ ಬರಲ್ಲ" ಎನ್ನುತ್ತಾಳೆ. ನಿಜ. ನಿವೃತ್ತಿಯಾದ ಮೇಲೂ ಕಾರಣವಿಲ್ಲದೆ ನರಸೀಪುರದ ಬಸ್ಸು ಹತ್ತಿ ಹೋಗಿ, ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ವಾಪಸ್ಸು ಬರುತ್ತೇನೆ. ಹಾಗೆ ಹೋದ ಒಂದು ದಿನ ಈ ಬರಹವನ್ನೂ ಜೊತೆಗೆ ಒಯ್ದು, ಇದರಲ್ಲಿ ಬರುವ ಒಬ್ಬರಿಗೆ ಓದಿ ಹೇಳಿದೆ. ಅದರಿಂದಾದದ್ದನ್ನು ಕೊನೆಯಲ್ಲಿ ಹೇಳುತ್ತೇನೆ.

ನಮ್ಮದು ಅಂಗವಿಕಲರಿಗಾಗಿ ಇರುವ ಸಣ್ಣ ಕೇಂದ್ರ. ಗಾಲಿಕುರ್ಚಿ, ಊರುಗೋಲು, ಕಾಲಿಗೆ ಕಟ್ಟುವ ಪಟ್ಟಿಗಳನ್ನು ಕೊಡುವುದು, ಅವು ಮನೆಯಲ್ಲಿ ಬಳಕೆಯಾಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ನಾನು ಸೇರಿದ ಹೊಸದರಲ್ಲಿ ಮೊದಲನೆಯದನ್ನು ಮಾತ್ರ ಮಾಡುತ್ತಿದ್ದೆವು. ಶಾಮಿಯಾನ ಹಾಕಿ, ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು, ಸಾಲಾಗಿ ಕುರ್ಚಿ ಹಂಚುತ್ತಿದ್ದೆವು. ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಕುರ್ಚಿಯ ಮೇಲೆ ಮೆಣಸಿನಕಾಯಿ ಒಣಗುತ್ತಿರುತ್ತಿತ್ತು. ಕುರ್ಚಿ ಬಂದಿದ್ದು ನುಣ್ಣನೆಯ ನೆಲದ ದೇಶದಿಂದ. ಹೋಗಿದ್ದು ಹೊಸ್ತಿಲು, ಚರಂಡಿ, ಕಬ್ಬಿನ ಗಾಡಿ ಕೊರೆದ ದಾರಿ ಇರುವ ಊರಿಗೆ. ಮೊದಲು ಮನೆ ಅಳೆದು ಆಮೇಲೆ ಕುರ್ಚಿ ಕೊಡಬೇಕು ಎಂಬಷ್ಟು ಕಲಿಯಲು ನಮಗೆ ವರ್ಷಗಳು ಹಿಡಿದವು.

ಸ್ವಯಂಸೇವಕರು ಬರುತ್ತಿದ್ದುದು ಕ್ರಿಸ್‌ಮಸ್ ರಜೆಯಲ್ಲಿ. ನರ್ಸುಗಳು, ಕಾಲೇಜು ವಿದ್ಯಾರ್ಥಿಗಳು, ಒಮ್ಮೆ ಒಬ್ಬ ಬಸ್ ಡ್ರೈವರ್. ಎಲ್ಲರೂ ಅವರ ದುಡ್ಡಿನಲ್ಲೇ ಬಂದು, ಎರಡು ಮೂರು ವಾರ ಇದ್ದು, ಹೊಸ ವರ್ಷ ಕಳೆದ ಕೂಡಲೇ ಹೊರಡುವವರು. ವರ್ಷದ ದೊಡ್ಡ ಹಬ್ಬವನ್ನು ಬಿಟ್ಟು ಗುರುತಿಲ್ಲದ ಊರಿಗೆ ಯಾಕೆ ಬರುತ್ತಾರೆ ಎಂಬ ಬಗ್ಗೆ ನಾನು ಓದಿಕೊಂಡಿದ್ದ ಸಿದ್ಧಾಂತಗಳಿದ್ದವು. ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದ ರತ್ನಮ್ಮನ ಸಿದ್ಧಾಂತ ಒಂದೇ: "ಮನೇಲಿ ಜಗಳ ಆಡ್ಕಂಡ್ ಬಂದಿರ್ತಾರೆ ಬುಡಿ." ಎಷ್ಟೋ ಸಲ ಇಬ್ಬರ ಲೆಕ್ಕವೂ ತಪ್ಪಿದೆ, ಕೆಲವು ಸಲ ರತ್ನಮ್ಮನದು ಸರಿಯಾಗಿದೆ.

ಒಂದು ಮಾತು ಮಾತ್ರ ಧೈರ್ಯವಾಗಿ ಹೇಳುತ್ತೇನೆ. ಹಬ್ಬದ ದಿನ ಅವರಿಗೆ ರಜೆ ಕೊಡಬೇಡಿ. ಒಂದು ವರ್ಷ ದೊಡ್ಡ ಮನಸ್ಸು ಮಾಡಿ ರಜೆ ಕೊಟ್ಟಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಒಬ್ಬ ವಿದ್ಯಾರ್ಥಿನಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ನಾನು ಸಮಾಧಾನದ ಮಾತು ಹುಡುಕುತ್ತಾ ನಿಂತಿದ್ದೆ. ರತ್ನಮ್ಮ ಬಂದವಳೇ ಒಂದು ಮೊರ ಅವರೆಕಾಯಿ ತಂದು ಆ ಹುಡುಗಿಯ ಮುಂದೆ ಸುರಿದಳು. "ಸುಲಿ ಕಣವ್ವ, ಆಮೇಲೆ ಅಳುವೆ." ಭಾಷೆ ಅರ್ಥವಾಗದಿದ್ದರೂ ಕೆಲಸ ಅರ್ಥವಾಯಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ನಗುತ್ತಿದ್ದರು.

ಮುಖ್ಯವಾಗಿ ಹೇಳಬೇಕಿರುವುದು ಮಾರೆಕ್‌ನ ವಿಷಯ. ಪೋಲೆಂಡಿನಿಂದ ಬಂದ ಬಡಗಿ. ಐವತ್ತರ ಆಸುಪಾಸು, ಉದ್ದ ಆಳು, ಕೈತುಂಬ ಹಳೆಯ ಗಾಯದ ಗುರುತು. ಅವನ ಇಂಗ್ಲಿಷು ನಮ್ಮ ಜೀಪ್ ಡ್ರೈವರ್ ಸ್ವಾಮಿಯ ಇಂಗ್ಲಿಷಿಗಿಂತ ಸ್ವಲ್ಪ ಉತ್ತಮ, ಅಷ್ಟೇ. ಆದ್ದರಿಂದ ಅವರಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು.

ಬಂದ ಎರಡನೆಯ ದಿನವೋ ಮೂರನೆಯ ದಿನವೋ ಅವನನ್ನು ನರಸೀಪುರದಿಂದ ಬನ್ನೂರಿನ ಕಡೆಗೆ ಇರುವ ಒಂದು ಹಳ್ಳಿಗೆ ಕರೆದುಕೊಂಡು ಹೊರಟೆವು. ರಾಗಿ ಕೊಯ್ಲಿನ ಕಾಲ. ದಾರಿಯಲ್ಲಿ ಟಾರು ರಸ್ತೆಯ ತುಂಬ ರಾಗಿ ತೆನೆ ಹಾಸಿದ್ದರು. ಮಾರೆಕ್, "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿ ಇಳಿದು, ಚಕ್ರದ ದಾರಿಯಲ್ಲಿದ್ದ ತೆನೆಗಳನ್ನು ಎರಡು ಕೈಯಲ್ಲಿ ಬಾಚಿ ಪಕ್ಕಕ್ಕೆ ಇಡತೊಡಗಿದ. ಗದ್ದೆಯ ಬದುವಿನಿಂದ ಒಬ್ಬ ಎದ್ದು ಬಂದ.

"ಏಯ್, ಯಾರ್ಲಾ ಅದು! ತೆಗೀಬ್ಯಾಡ್ರೋ! ಮ್ಯಾಲೇ ಅತ್ತಿಸ್ಕಂಡ್ ಓಗ್ರಪ್ಪಾ, ಅದಕ್ಕೇ ಆಸಿರೋದು!"

ಸ್ವಾಮಿ ಸ್ಟೀರಿಂಗಿನ ಮೇಲೆ ತಲೆಯಿಟ್ಟು ನಗುತ್ತಿದ್ದ. ನಾನು ಮಾರೆಕ್‌ಗೆ ವಿವರಿಸಿದೆ: ಲಾರಿ, ಬಸ್ಸು ಹರಿದು ಕಾಳು ಉದುರಲಿ ಅಂತ ಅವರೇ ಹಾಸುತ್ತಾರೆ. ಅವನಿಗೆ ಸರಿ ಕಾಣಲಿಲ್ಲ. ಅವರ ಕಡೆ ಬ್ರೆಡ್ಡಿನ ತುಂಡು ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುತ್ತಾರಂತೆ. "ಧಾನ್ಯ ನಿಮಗೆ ದೇವರಲ್ಲವೇ?" ಎಂದು ಕೇಳಿದ. ಅದನ್ನು ಕನ್ನಡದಲ್ಲಿ ಹೇಳಿದಾಗ ಸ್ವಾಮಿ ಅಂದ: "ಲಕ್ಷ್ಮೀನೇ ಕಣ್ರೀ. ಆದ್ರೆ ಉದುರ್ಬೇಕಲ್ಲ."

ಆ ಹಳ್ಳಿಯಲ್ಲಿ ನಾವು ಹೋಗಿದ್ದು ಸಿದ್ದರಾಜು ಎಂಬವರ ಮನೆಗೆ. ಅವರ ಮಗಳು ಗಿರಿಜ. ಚಿಕ್ಕಂದಿನಲ್ಲಿ ಬಂದ ಜ್ವರದಲ್ಲಿ ಎರಡೂ ಕಾಲಿನ ಬಲ ಹೋಗಿತ್ತು. ಮನೆಯಲ್ಲೇ ಕೂತು ಬಿ.ಕಾಂ. ಮುಗಿಸಿದ್ದಳು. ನಮ್ಮ ಕುರ್ಚಿಯಲ್ಲಿ ಕೂತು ಮನೆಯೊಳಗೆ ಸರಾಗವಾಗಿ ಓಡಾಡುತ್ತಿದ್ದಳು. ಬಾಗಿಲ ತನಕ ಬಂದು ನಿಲ್ಲುತ್ತಿದ್ದಳು. ಅಲ್ಲಿ ಹಳೆಯ ಕಾಲದ ಮರದ ಹೊಸ್ತಿಲು, ಮೊಣಕಾಲಿನ ಅರ್ಧಕ್ಕೆ ಬರುವಷ್ಟು ಎತ್ತರ. ಅದನ್ನು ದಾಟಿಸಲು ಇಬ್ಬರು ಎತ್ತಬೇಕು.

ಆ ವರ್ಷ ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವರು ಬಿಟ್ಟುಹೋಗಿದ್ದರು. ಕಾರ್ಯದರ್ಶಿ ಗಿರಿಜಳನ್ನು ಕೇಳಿದ್ದ. ಸಂಕ್ರಾಂತಿ ಕಳೆದ ಮೇಲೆ ಬಂದು ಸೇರಬಹುದು, ಆದರೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಹಾಲು ಬರುವ ಹೊತ್ತಿಗೆ ಅವಳಾಗಿಯೇ ಬಂದು ಕೂರಬೇಕು. "ಎತ್ಕಂಡ್ ಬರೋರು ಬರ್ಲಿ ಅಂತ ಹಾಲು ಕಾಯಕ್ಕಾಯ್ತದಾ?" ಎಂದಿದ್ದನಂತೆ. ಅವನದು ತಪ್ಪಲ್ಲ. ಆ ಎರಡೂ ಹೊತ್ತಿನಲ್ಲಿ ಅಪ್ಪ ಅಮ್ಮ ಹಸು ಕರೆಯುತ್ತಲೋ ಗದ್ದೆಯಲ್ಲೋ ಇರುತ್ತಿದ್ದರು. ಅಣ್ಣ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋಗುತ್ತಿದ್ದ. ಮನೆಯಲ್ಲಿ ಉಳಿಯುವವರು ಅಜ್ಜಿ ಪುಟ್ಟಮ್ಮ ಒಬ್ಬರೇ. ಹೀಗಾಗಿ ಗಿರಿಜಳ ಕೆಲಸ ಆ ಹೊಸ್ತಿಲಿನ ಮೇಲೆ ನಿಂತಿತ್ತು. ಅವಳು ಅದನ್ನು ನನಗೆ ಒಂದೇ ಮಾತಿನಲ್ಲಿ ಹೇಳಿದ್ದಳು: "ಡೈರಿ ಇಲ್ಲಿಂದ ಕಾಣ್ತದೆ ಸಾ. ದೂರ ಇದ್ದಿದ್ರೆ ಸುಮ್ಮನಿರ್ತಿದ್ದೆ."

ಮಾರೆಕ್ ಚಪ್ಪಲಿ ಬಿಟ್ಟು, ಮಂಡಿಯೂರಿ ಕೂತು ಹೊಸ್ತಿಲನ್ನು ಅಳೆದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಎಲ್ಲಿಯ ತನಕ ಕೊಯ್ಯಬೇಕೋ ಅಲ್ಲಿ ಒಂದು ಗೆರೆ ಎಳೆದ. ಒಳಗಿನಿಂದ ಪುಟ್ಟಮ್ಮ ಬಂದರು.

"ಏನ್ಲಾ ಅದು ಗೀಟು?"

"ಅಳತೆ ತಗೋತಾ ಇದಾರೆ ಅಜ್ಜಿ" ಎಂದೆ.

"ಅಳ್ತೆ ಯಾಕೆ? ಕುಯ್ಯಕಾ?"

ನಾನು ಉತ್ತರ ಹುಡುಕುವಷ್ಟರಲ್ಲಿ ಅವರಿಗೆ ಉತ್ತರ ಸಿಕ್ಕಿತ್ತು. "ಮನೆ ಲಕ್ಷ್ಮಿ ಕತ್ತಿಗೆ ಗೀಟ್ ಆಕ್ತಾವ್ನಲ್ಲಪ್ಪಾ ನಿನ್ ದೊರೆ! ಈ ಮನೆಗೆ ಕಾಲಿಟ್ಟಾಗಿಂದ ದಿನ್ವೂ ತೊಳ್ದು ಅರಿಶಿನ ಬಳ್ದಿರೋ ಒಸ್ಲು ಅದು. ಕುಯ್ಯಕ್ ಬಂದವ್ನೆ. ಅದೂ ಧನುರ್ಮಾಸದಲ್ಲಿ! ಧನುರ್ಮಾಸದಲ್ಲಿ ಬಾಗ್ಲು ಮುಟ್ಟೋರು ಎಲ್ಲಾದ್ರೂ ಉಂಟಾ?"

ಅರಿಶಿನದ ನೀರು ತಂದು ಆ ಗೆರೆಯನ್ನು ತಿಕ್ಕಿ ತಿಕ್ಕಿ ತೊಳೆದರು. ಮಾರೆಕ್ ಪೆನ್ಸಿಲ್ ಹಿಡಿದುಕೊಂಡೇ ಅಂಗಳಕ್ಕೆ ಇಳಿದ. ಏನು ತಪ್ಪಾಯಿತು ಎಂದು ಅವನು ನನ್ನನ್ನು ಕೇಳಲಿಲ್ಲ. ಅಜ್ಜಿ ತೊಳೆಯುತ್ತಿದ್ದ ರೀತಿಯಲ್ಲೇ ಅವನಿಗೆ ತಿಳಿದಿರಬೇಕು.

ವಾಪಸ್ಸು ಬರುವಾಗ ಜೀಪಿನಲ್ಲಿ ನಾನು ಯೋಚಿಸುತ್ತಿದ್ದುದು ಬೇರೆ. ಪಂಚಾಂಗ ನೋಡುವ ಅಭ್ಯಾಸ ನನಗಿಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ತನಕ ಧನುರ್ಮಾಸ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಮನೆಗೆ ಸಂಬಂಧಿಸಿದ ಹೊಸ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ನಮ್ಮ ಸ್ವಯಂಸೇವಕರ ರಜೆಯೂ ಹೆಚ್ಚುಕಡಿಮೆ ಅದೇ. ವರ್ಷ ವರ್ಷವೂ ನಾವು ಮನೆ ಮಾರ್ಪಾಡು ಮಾಡುವವರನ್ನು ಸರಿಯಾಗಿ ಅದೇ ದಿನಗಳಲ್ಲಿ ಹಳ್ಳಿಗೆ ಕರೆತರುತ್ತಿದ್ದೆವು. ಜನ "ಆಮೇಲ್ ನೋಡಮ ಬುಡಿ" ಎನ್ನುತ್ತಿದ್ದರು. ಸ್ವಯಂಸೇವಕರು ಹೋದ ಮೇಲೆ ನಾವು "ಸ್ಥಳೀಯರ ಸಹಕಾರ ಸಾಲದು" ಎಂದು ವರದಿ ಮಾಡುತ್ತಿದ್ದೆವು. ಜನ ಕಾರಣ ಹೇಳುತ್ತಿರಲಿಲ್ಲ. ಓದಿದವರಿಗೆ ಇದು ಗೊತ್ತಿಲ್ಲ ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಆ ವರ್ಷದಿಂದ ಕ್ರಮ ಬದಲಾಯಿತು. ಡಿಸೆಂಬರಿನಲ್ಲಿ ಅಳತೆ, ಡಿಸೆಂಬರಿನಲ್ಲೇ ಮರಗೆಲಸ; ಕೂರಿಸುವುದು ಮಾತ್ರ ಸಂಕ್ರಾಂತಿಯ ನಂತರ, ನಮ್ಮ ಕಡೆಯವರಿಂದ. ನೀವು ಕೂಡ ಹಾಗೇ ಮಾಡಿ. ಆದರೆ ಇದರ ಇನ್ನೊಂದು ಮುಖ ತಿಳಿದಿರಲಿ. ಮಾಡಿದವನು ತನ್ನ ಕೆಲಸ ಬಳಕೆಗೆ ಬಂದದ್ದನ್ನು ನೋಡದೆಯೇ ಹೊರಡುತ್ತಾನೆ.

ಮಾರೆಕ್ ಮರುದಿನವೇ ಹಳ್ಳಿಗೆ ಹೋದ. ಮನೆಯೊಳಗೆ ಹೋಗಲಿಲ್ಲ. ಕೊಟ್ಟಿಗೆಯ ಮುಂದೆ ನಿಂತು ಕೈಸನ್ನೆಯಲ್ಲೇ ಸಿದ್ದರಾಜುವಿನ ಜೊತೆ ಮಾತಾಡಿ, ಮೂಲೆಯಲ್ಲಿ ಬಿದ್ದಿದ್ದ ಹಳೆಯ ಎತ್ತಿನ ಗಾಡಿಯ ಹಲಗೆಗಳನ್ನು ಕೇಳಿ ಪಡೆದ. ಅವನ ಹೊಸ ಯೋಚನೆಯಲ್ಲಿ ಹೊಸ್ತಿಲನ್ನು ಕೊಯ್ಯುವುದಿರಲಿಲ್ಲ, ಅದಕ್ಕೆ ಒಂದು ಮೊಳೆ ಹೊಡೆಯುವುದೂ ಇರಲಿಲ್ಲ. ಒಳಗೊಂದು, ಹೊರಗೊಂದು ಇಳಿಜಾರು ಹಲಗೆ. ಎರಡರ ತುದಿಯೂ ಹೊಸ್ತಿಲಿನ ನೆತ್ತಿಯ ಮಟ್ಟಕ್ಕೆ ಬಂದು ನಿಲ್ಲಬೇಕು. ಕುರ್ಚಿ ಹತ್ತಿ, ದಾಟಿ, ಇಳಿಯುತ್ತದೆ.

ಪುಟ್ಟಮ್ಮನಿಗೆ ಇದನ್ನು ಹೇಳಿದಾಗ ಅವರು ಎರಡನೆಯ ಆಕ್ಷೇಪ ತೆಗೆದರು. "ಒಸ್ಲು ಮೇಲೆ ಕಾಲಿಡ್ಬ್ಯಾಡ ಅಂತ ಕೂಸುಗಳಿಗೂ ಯೋಳ್ತೀವಿ. ಇವ್ಳು ಗಾಡೀನೇ ಅತ್ತಿಸ್ಬೇಕಾ?"

ಗಿರಿಜ ಒಳಗಿನಿಂದಲೇ, "ನನ್ ಕಾಲು ಅದ್ರ ಮೇಲೆ ಬೀಳಕಿಲ್ಲ ಕಣಜ್ಜಿ, ಆ ಭಾಗ್ಯ ಎಲ್ಲದೆ ನಂಗೆ?" ಎಂದಳು. ಅಜ್ಜಿ ಒಳಗೆ ಹೋದರು.

ಆ ವಾರ ನಮ್ಮ ನಿರ್ದೇಶಕರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಯಾವಾಗಲೂ ಕ್ಯಾಮೆರಾ ಇಟ್ಟುಕೊಂಡಿರುತ್ತಿದ್ದ ಮನುಷ್ಯ. ಕೆಟ್ಟವರಲ್ಲ, ಕೇಂದ್ರ ನಡೆಯಬೇಕಾದರೆ ದಾನಿಗಳಿಗೆ ಏನಾದರೂ ತೋರಿಸಬೇಕು ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು.

"ಹಲಗೆ ರೆಡಿ ಇದೆಯಂತಲ್ಲ. ಮಾರೆಕ್ ಇರುವಾಗಲೇ ಒಂದು ಐದು ನಿಮಿಷ ಇಟ್ಟು ಹುಡುಗೀನ ಹೊರಗೆ ತನ್ನಿ. ಒಂದು ಫೋಟೋ. ಆಮೇಲೆ ತೆಗೆದುಬಿಡಿ."

ನಾನು ಆ ಸಂದೇಶವನ್ನು ಹಾಗೇ ಗಿರಿಜಳಿಗೆ ಮುಟ್ಟಿಸಿದೆ. ಅವಳು ನನ್ನನ್ನೇ ನೋಡಿದಳು. "ಫೋಟೋಗೆ ಒಂದ್ಸಲ ಈಚೆ ಬಂದು ಮತ್ತೆ ಒಳಗೆ ಕೂರಕಾ ಸಾ? ಅಜ್ಜಿ ಮುನಿಸ್ಕಂಡ್ರೆ ಆಮೇಲೆ ನೀವು ಬತ್ತೀರಾ ಹಲಗೆ ಇಡಕೆ? ಬ್ಯಾಡಿ. ದಾಟೋದಾದ್ರೆ ದಿನಾ ದಾಟ್ತೀನಿ."

ನಿರ್ದೇಶಕರಿಗೆ ಇದನ್ನು ಹೇಳಿದೆ. ಅವರು ಕ್ಯಾಮೆರಾವನ್ನು ಡ್ರಾಯರ್‌ಗೆ ಹಾಕಿದರು. ಹಾಕಿದರು ಎಂದೇ ನೆನಪು. ಪಕ್ಕಕ್ಕೆ ಸರಿಸಿದ್ದರೂ ಇರಬಹುದು.

ಕೆಲಸ ನಡೆಯುತ್ತಿದ್ದ ದಿನಗಳಲ್ಲಿ ಪುಟ್ಟಮ್ಮನ ಕೋಪ ನಿಧಾನಕ್ಕೆ ಇಳಿದಿತ್ತು. ಬಿಸಿಲಲ್ಲಿ ಹಲಗೆ ಉಜ್ಜುತ್ತಾ ನಿಂತವನಿಗೆ ಮೊದಲು ಸೊಸೆಯ ಕೈಲಿ ಟೀ ಕಳಿಸಿದರು; ಆಮೇಲೆ ಅವರೇ ತಂದರು. ಮಾರೆಕ್ ಎಂಬ ಹೆಸರು ಅವರ ಬಾಯಲ್ಲಿ ಮಾರಪ್ಪ ಆಗಿತ್ತು. "ಮಾರಪ್ಪಾ, ಕುಡೀಲಾ, ಆರೋಯ್ತದೆ." ಕ್ರಿಸ್‌ಮಸ್‌ನ ಹಿಂದಿನ ದಿನ ಸಂಜೆ ಅವರ ಮನೆಯಲ್ಲೇ ಊಟ ಎಂದು ಹೇಳಿಕಳಿಸಿದರು. ಅವನ ಊರಿನಲ್ಲಿ ಅದು ದೊಡ್ಡ ಊಟ ಎಂದು ಸ್ವಾಮಿ ಹೇಳಿದ್ದನಂತೆ.

ಸಿದ್ದರಾಜು ನಾಟಿ ಕೋಳಿ ಹಿಡಿದು ಕಟ್ಟಿದ್ದರು. ಮಾರೆಕ್ ಅದನ್ನು ಕಂಡು ಕೈ ಮುಗಿದ. ಅವತ್ತು ಅವರಲ್ಲಿ ಮಾಂಸ ತಿನ್ನುವುದಿಲ್ಲ.

"ಹಬ್ಬ ಅಂತೀಯ, ಕೋಳಿ ಬ್ಯಾಡ ಅಂತೀಯ. ಅದೆಂಥ ಹಬ್ಬಾಪ್ಪಾ ನಿಮ್ದು!" ಎಂದು ಪುಟ್ಟಮ್ಮ ಹಿತಕಿದ ಅವರೆಬೇಳೆ ಸಾರಿಗೆ ಒಲೆ ಹಚ್ಚಿದರು.

"ಕೋಳಿಗೂ ಹಬ್ಬ ಅಂತ ಇರ್ತದೆ ಅಂತ ಇವತ್ತೇ ಗೊತ್ತಾದದ್ದು" ಎಂದಳು ಗಿರಿಜ.

ಹೊತ್ತು ಮುಳುಗುತ್ತಿತ್ತು. ಮಾರೆಕ್ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದ. ಮೊದಲ ಚುಕ್ಕಿ ಕಾಣುವ ತನಕ ಊಟಕ್ಕೆ ಕೂರುವುದಿಲ್ಲವಂತೆ. ಕಂಡ ಮೇಲೆ ಕೊಟ್ಟಿಗೆಯಿಂದ ಒಂದು ಹಿಡಿ ಹುಲ್ಲು ತಂದು ಎಲೆಯ ಕೆಳಗೆ ಹರಡಿದ. ಅವನ ದೇಶದಲ್ಲಿ ಮೇಜಿನ ಬಟ್ಟೆಯ ಕೆಳಗೆ ಹೀಗೆ ಹುಲ್ಲು ಹಾಸುತ್ತಾರೆ. ಆಮೇಲೆ ಒಂದು ಎಲೆ ಹೆಚ್ಚಿಗೆ ಹಾಕಿ ಎಂದು ಕೇಳಿದ.

"ಯಾರ್ಗೆ? ಪಕ್ಸದ ಎಡೆ ಇದ್ದಂಗಾ?" ಎಂದರು ಪುಟ್ಟಮ್ಮ.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಾರೆಕ್ ಅಲ್ಲವೆಂದು ತಲೆಯಾಡಿಸಿದ. ಸತ್ತವರಿಗಲ್ಲ, ದಾರಿಯಲ್ಲಿ ಇರುವವರಿಗೆ. ಯಾರಾದರೂ ಬಾಗಿಲಿಗೆ ಬಂದರೆ ಜಾಗವಿರಲಿ ಎಂದು. "ಈಗ ನಮ್ಮ ಅಕ್ಕನ ಮನೆಯಲ್ಲೂ ಒಂದು ತಟ್ಟೆ ಖಾಲಿ ಇಟ್ಟಿರುತ್ತಾರೆ. ಈ ವರ್ಷ ಅದು ನನ್ನದು" ಎಂದ. ನಾನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಪುಟ್ಟಮ್ಮ ಎದ್ದು ಹೋಗಿ, ಆ ಖಾಲಿ ಎಲೆಗೂ ಒಂದು ಮುದ್ದೆ ಇಟ್ಟು, ಸಾರು ಬಡಿಸಿದರು.

ಆ ಊಟದಲ್ಲಿ ಒಂದು ಮಾತು ಬಂತು. ಹುಲ್ಲಿನಲ್ಲಿ ಉಳಿದಿದ್ದ ಭತ್ತದ ಕಾಳೊಂದನ್ನು ಮಾರೆಕ್ ಎತ್ತಿ ಎಲೆಯ ಅಂಚಿನಲ್ಲಿ ಇಟ್ಟ. ಸ್ವಾಮಿ ರಸ್ತೆಯ ರಾಗಿಯ ಕಥೆ ಹೇಳಿದ, ಎಲ್ಲರೂ ನಕ್ಕರು. ಆಗ ಯಾರೋ ಅಂದರು: "ರಾಗೀನೂ ಲಕ್ಷ್ಮೀನೇ. ಅದ್ರ ಮ್ಯಾಲೆ ನಾವೇ ಕೂಗಿ ಕೂಗಿ ಲಾರಿ ಅತ್ತಿಸ್ತೀವಿ. ಒಸ್ಲು ಮ್ಯಾಲೆ ಒಂದು ಗಾಲಿ ಅತ್ಬಾರ್ದಾ?"

ಇದನ್ನು ಅಂದವಳು ಗಿರಿಜ ಎಂದು ನಾನು ತರಬೇತಿಗಳಲ್ಲಿ ಹೇಳುತ್ತಾ ಬಂದಿದ್ದೇನೆ. ಮಾರೆಕ್ ಒಂದು ವರ್ಷ ಫೋನಿನಲ್ಲಿ, ಅದು ಅಜ್ಜಿಯ ಮಾತು ಎಂದ. ಗಿರಿಜ ಈಗ, "ಮಾರಪ್ನೋರು ಇಂಗ್ಲಿಷಲ್ ಏನೋ ಅಂದ್ರು, ನೀವು ಕನ್ನಡ ಮಾಡುದ್ರಿ" ಎನ್ನುತ್ತಾಳೆ. ಸ್ವಾಮಿಯನ್ನು ಕೇಳಿದರೆ ಅದು ತಾನೇ ಎನ್ನುತ್ತಾನೆ. ಮಾತು ಯಾರದಾದರೂ ಇರಲಿ, ಅದಕ್ಕೆ ಪುಟ್ಟಮ್ಮ ಕೊಟ್ಟ ಉತ್ತರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೈ ತೊಳೆಯುತ್ತಾ, ಯಾರಿಗೂ ಅಲ್ಲದಂತೆ ಅಂದರು: "ಕಣಕ್ಕೆ ಮೆಟ್ಟು ಆಕ್ಕಂಡ್ ಓಗಕಿಲ್ಲ. ರೋಣಗಲ್ಲು ಉಳ್ಳುಸ್ತೀವಿ." ಸ್ವಲ್ಪ ಹೊತ್ತು ಬಿಟ್ಟು, "ಸಂಕ್ರಾಂತಿ ಕಳೀಲಿ, ನೋಡಮ" ಎಂದರು.

ಒಕ್ಕುವ ಕಣದಲ್ಲಿ ಚಪ್ಪಲಿ ಮೆಟ್ಟಬಾರದು, ಆದರೆ ಕಲ್ಲಿನ ಗುಂಡು ಉರುಳಿಸಬಹುದು. ಅಷ್ಟು ನನಗೆ ಅರ್ಥವಾಯಿತು. ಆದರೆ "ನೋಡಮ" ಎನ್ನುವುದು ಒಪ್ಪಿಗೆಯೋ ಮುಂದೂಡಿಕೆಯೋ ತಿಳಿಯಲಿಲ್ಲ. ಹೊಸ ವರ್ಷ ಕಳೆದು ಮಾರೆಕ್ ಹೊರಟ ದಿನವೂ ತಿಳಿದಿರಲಿಲ್ಲ. ಹಲಗೆಗಳು ಕೊಟ್ಟಿಗೆಯ ಗೋಡೆಗೆ ಒರಗಿದ್ದವು. ಅವನು ಹೋಗಿ ಅವುಗಳ ಅಂಚನ್ನು ಇನ್ನೊಮ್ಮೆ ಸವರಿ ಬಂದ. ಜೀಪಿನಲ್ಲಿ, "ನೀನು ನೋಡಿ ನನಗೆ ಹೇಳು" ಎಂದ.

ಸಂಕ್ರಾಂತಿಯ ಸಂಜೆ ನಡೆದದ್ದನ್ನು ನನ್ನ ನೆನಪಿನಲ್ಲಿ ಇರುವಂತೆ ಬರೆಯುತ್ತೇನೆ. ಊರಿನಲ್ಲಿ ದನಗಳನ್ನು ಕಿಚ್ಚು ಹಾಯಿಸಲು ಹುಲ್ಲು ಒಟ್ಟಿದ್ದರು. ಸಿದ್ದರಾಜು ಹಲಗೆಗಳನ್ನು ತಂದು ಹೊಸ್ತಿಲಿನ ಎರಡೂ ಕಡೆ ಕೂರಿಸಿದರು. ಪುಟ್ಟಮ್ಮ ಕುರ್ಚಿಯ ಚಕ್ರಗಳನ್ನು ತೊಳೆದು, ಹೊಸ್ತಿಲಿಗೆ ಹಸಿ ಅರಿಶಿನ ಬಳಿದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಅಲ್ಲಿದ್ದವರಿಗೆಲ್ಲ ಚಪ್ಪಲಿ ಬಿಡಿ ಎಂದರು. ಗಿರಿಜಳ ಚಪ್ಪಲಿಯನ್ನೂ ಕಳಚಿದರು. ಅವಳ ಕಾಲು ನೆಲ ಮುಟ್ಟುವುದೇ ಇಲ್ಲ, ಆದರೂ. ಗಿರಿಜ ಎರಡು ಕೈಯಲ್ಲಿ ಚಕ್ರ ತಿರುಗಿಸಿದಳು. ನಿಂಬೆಹಣ್ಣು ಸಿಡಿಯಿತು. ಕುರ್ಚಿ ಹತ್ತಿತು, ಹೊಸ್ತಿಲಿನ ಮೇಲೆ ಒಂದು ಕ್ಷಣ ನಿಂತಿತು, ಇಳಿಯಿತು. ಅವಳು ಹಿಂದೆ ನೋಡದೆ ಕಿಚ್ಚು ಹಾಯಿಸುವ ಕಡೆಗೆ ಹೋದಳು, ಬೆಂಕಿಯ ಬೆಳಕು ಅವಳ ಮುಖದ ಮೇಲಿತ್ತು.

ಮಾರೆಕ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವನು ಬಿಡಿಸಿ ಬಿಡಿಸಿ ಕೇಳಿದ. ಕುರ್ಚಿ ಜಾರಿತೆ? ಹಲಗೆ ಅಲುಗಿತೆ? ಅವಳು ನಿಧಾನ ಹೋದಳೋ, ಬೇಗ ಹೋದಳೋ? ಎಲ್ಲಕ್ಕೂ ಉತ್ತರ ಕೊಟ್ಟೆ. "ನೀನು ಅಲ್ಲೇ ಇದ್ದೆಯಲ್ಲ, ಸಾಕು" ಎಂದ. ಆಮೇಲೆ ಅವನು ಈ ಕಡೆ ಬರಲಿಲ್ಲ. ಬೆನ್ನುನೋವಂತೆ. ಪ್ರತಿ ಕ್ರಿಸ್‌ಮಸ್‌ಗೆ ಒಂದು ಫೋನು ಮಾತ್ರ ತಪ್ಪಿಲ್ಲ.

ಇಷ್ಟು ಬರೆದುಕೊಂಡು ನಾನು ಗಿರಿಜಳ ಮನೆಗೆ ಹೋದೆ. ಈಗ ಅವಳು ಅದೇ ಡೈರಿಯ ಕಾರ್ಯದರ್ಶಿ. ಬೆಳಗಿನ ಹಾಲಿನ ಹೊತ್ತಿಗಿಂತ ಮುಂಚೆ ಬಂದರೆ ಸಿಗುತ್ತೇನೆ ಎಂದಿದ್ದಳು. ಹಿಂದಿನ ದಿನವೇ ಹೋಗಿ ನರಸೀಪುರದ ನೆಂಟರ ಮನೆಯಲ್ಲಿ ಉಳಿದು, ಮೊದಲ ಬಸ್ಸು ಹಿಡಿದೆ. ಪುಟ್ಟಮ್ಮ ತೀರಿಕೊಂಡು ವರ್ಷಗಳಾದವು. ಹಲಗೆಗಳ ಜಾಗದಲ್ಲಿ ಈಗ ಸಿಮೆಂಟಿನ ಇಳಿಜಾರು. ಹೊಸ್ತಿಲು ಮಾತ್ರ ಅದೇ. ಗಿರಿಜಳ ಅತ್ತಿಗೆ ಅದನ್ನು ತೊಳೆಯುತ್ತಿದ್ದಳು. ನಾನು ಒಳಗೆ ಕೂತು ಓದಿದೆ. ಗಿರಿಜ ತಲೆ ಬಾಚಿಕೊಳ್ಳುತ್ತಾ ಕೇಳಿದಳು. ಸಂಕ್ರಾಂತಿಯ ಭಾಗಕ್ಕೆ ಬಂದಾಗ ಅವಳ ಬಾಚಣಿಗೆ ನಿಂತಿತು.

"ಸಾ, ಅವತ್ತು ನೀವು ಬರ್ಲೇ ಇಲ್ವಲ್ಲ."

"ನಾನು ಇದ್ದೆ ಗಿರಿಜಾ."

"ಇಲ್ಲ ಸಾ. ಜೀಪ್ ಕೆಟ್ಟು ನಂಜನಗೂಡಲ್ಲೇ ನಿಂತಿತ್ತು ಅಂತ ಸ್ವಾಮಣ್ಣ ಆಮೇಲೆ ಅಂದ್ರು. ನಾವು ಕಾಯ್ದೋ ಕಾಯ್ದೋ, ಅಜ್ಜಿ ಬೈದ್ಲು ಕೂಡ. ಆಮೇಲೆ ಅಪ್ಪ ಹಲಗೆ ಮಡಗ್ದ."

"ನಿಂಬೆಹಣ್ಣು?"

"ನಿಂಬೆಹಣ್ಣೆಲ್ಲಿತ್ತು? ಕಾಯಿ ಒಡುದ್ಲು. ಮೆಟ್ಟು ಬಿಡ್ಸಿದ್ದು ನಿಜ."

"ಕಿಚ್ಚು ಹಾಯಿಸೋದನ್ನ ನೋಡೋಕೆ ಹೋಗಿದ್ದೆಯಲ್ಲ?"

"ಅಯ್ಯೋ, ಆ ಹೊಗೇಲಿ ಯಾರ್ ಓದಾರು? ಒಂದ್ಸಲ ಇಳ್ದು ಅತ್ತಿ ನೋಡ್ದೆ ಅಷ್ಟೇಯಾ. ಮಾರ್ನೇ ದಿನ ಬೆಳಿಗ್ಗೆ ಮೊದ್ಲು ಓಗಿದ್ದು ಡೈರಿಗೆ. ಟೈಮಿಗೆ ಮುಟ್ತೀನಾ ಅಂತ ನೋಡ್ಬೇಕಿತ್ತಲ್ಲ."

ನಾನು ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡೆ. ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೇನೆ! ಬೆಂಕಿಯ ಬೆಳಕು ಅವಳ ಮುಖದ ಮೇಲೆ ಬಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾಣಲಾಗದವನಿಗೆ ಕಾಣುವಂತೆ ಹೇಳಬೇಕೆಂದು ಫೋನಿನಲ್ಲಿ ಹೇಳುತ್ತಾ ಹೇಳುತ್ತಾ ನಾನೇ ಕಂಡಿರಬೇಕು.

"ಹಾಗಾದರೆ ನಾನು ನೋಡಿದ್ದೇನು?" ಎಂದು ಕೇಳಿದೆ.

"ನೀವು ಬಂದಿದ್ದು ಮಾರ್ನೇ ದಿನ. ನಾನು ಮನೇಲಿ ಇರ್ಲಿಲ್ಲ. ಎಲ್ಲಿ ಗಿರಿಜ ಅಂತ ಕೇಳಿದ್ರಂತೆ. ಅಜ್ಜಿ ಮಾತಾಡ್ದೆ ನೆಲ ತೋರ್ಸಿದ್ಲಂತೆ. ಗಾಲಿಗೆ ಅರಿಶಿನ ಅಂಟ್ಕಂಡು ಎರಡು ಗೀಟು ಡೈರಿ ತಂಕ ಬಿದ್ದಿತ್ತಲ್ಲ, ಅದನ್ನ ಇಡ್ಕಂಡು ಬಂದ್ರಿ ನೀವು. ಆಮೇಲಾಮೇಲೆ ಅಜ್ಜಿಗೆ ಅದೇ ಅಭ್ಯಾಸ ಆಯ್ತು. ಒಂದು ಜೊತೆ ಗೀಟಿದ್ರೆ ನಾನು ಡೈರೀಲಿವ್ನಿ, ಎರಡು ಜೊತೆ ಇದ್ರೆ ಬಂದಿವ್ನಿ ಅಂತ."

ಹೊರಗೆ ಡೈರಿಯ ಕಡೆಯಿಂದ ಕ್ಯಾನುಗಳ ಸದ್ದು ಕೇಳಿತು. ಗಿರಿಜ ಸೆರಗು ಸಿಕ್ಕಿಸಿಕೊಂಡು, "ಹಾಲಿನ ಹೊತ್ತಾಯ್ತು ಸಾ" ಎಂದಳು. ಅತ್ತಿಗೆ ಆಗ ತಾನೆ ಹೊಸ್ತಿಲಿಗೆ ಅರಿಶಿನ ಬಳಿದು, ಹೂವಿಟ್ಟು, ಬಟ್ಟಲು ಎತ್ತಿಕೊಂಡು ಎದ್ದಿದ್ದಳು. ಹೂವನ್ನು ಎರಡು ಅಂಚಿಗೆ, ಚಕ್ರಕ್ಕೆ ಸಿಕ್ಕದಂತೆ ಇಟ್ಟಿದ್ದಳು. ಗಿರಿಜ ಕಾಲಿನ ಚಪ್ಪಲಿಯನ್ನು ಕೈಯಿಂದ ಕಳಚಿ ತೊಡೆಯ ಮೇಲೆ ಇಟ್ಟುಕೊಂಡಳು. ಚಕ್ರ ತಿರುಗಿಸಿದಳು. ಕುರ್ಚಿ ಹತ್ತಿತು, ಎಲ್ಲೂ ನಿಲ್ಲದೆ ದಾಟಿತು, ಇಳಿಯಿತು. ಸಿಮೆಂಟಿನ ಮೇಲೆ ಎರಡು ಹಳದಿ ಗೆರೆಗಳು ಅವಳ ಹಿಂದೆ ಹೋದವು.

ಹೊಸ್ತಿಲಿನ ನೆತ್ತಿ ಈಗ ಎರಡು ಕಡೆಯ ಇಳಿಜಾರಿಗೂ ಸಮ. ಎಡವಲು ಅಲ್ಲಿ ಏನೂ ಇಲ್ಲ. ಆದರೂ ಆ ಮನೆಯವರೆಲ್ಲ ಅದನ್ನು ಕಾಲೆತ್ತಿ ದಾಟುತ್ತಾರೆ. ನಾನೂ ಕಾಲೆತ್ತಿ ದಾಟಿದೆ.

"ಬನ್ನಿ ಸಾ, ಅಲ್ಲೇನ್ ನೋಡ್ತಾ ನಿಂತ್ರಿ?" ಎಂದು ಗಿರಿಜ ಮುಂದಿನಿಂದ ಕೂಗಿದಳು.

ಗೆರೆಗಳ ಫೋಟೋ ಒಂದನ್ನು ತೆಗೆದು ಮಾರೆಕ್‌ಗೆ ಕಳಿಸಿದೆ. ಅವನ ಊರಿನಲ್ಲಿ ಆಗ ಇನ್ನೂ ಬೆಳಗಾಗಿರಲಿಲ್ಲ. ಎದ್ದ ಮೇಲೆ ನೋಡಿ, ಎಂದಿನಂತೆ ಬಿಡಿಸಿ ಬಿಡಿಸಿ ಕೇಳುತ್ತಾನೆ. ಕೇಳಲಿ. ಈ ಸಲ ನಾನು ಅಲ್ಲಿದ್ದೆ.